ಸಾತನೂರಿನ ಲೆಕ್ಕ, ಚನ್ನಪಟ್ಟಣದ ನಕಲು

ಲ್ಯಾಪ್‌ಟಾಪನ್ನು ಅವಳು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಬೊಂಬೆ ತುಂಬುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ತಂದಿದ್ದಳು. ರಾಮನಗರದ ನಮ್ಮ ಪತ್ರಿಕಾ ಕಚೇರಿಗೆ ಜನ ಮನವಿ ಪತ್ರ ಹಿಡಿದು ಬರುತ್ತಾರೆ, ಸನ್ಮಾನದ ಫೋಟೊ ಹಿಡಿದು ಬರುತ್ತಾರೆ. ಕಂಪ್ಯೂಟರ್ ಹಿಡಿದು ಬಂದವಳು ಅವಳೊಬ್ಬಳೇ. ದಸರಾ ಮುಗಿದು ದೀಪಾವಳಿ ಇನ್ನೂ ಬಂದಿರದ ದಿನಗಳು.

ಮನೆಯ ಹಣಕಾಸನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂದು ಜಿಲ್ಲಾ ಪುರವಣಿಗೆ ವಾರಕ್ಕೊಮ್ಮೆ ಅರ್ಧ ಕಾಲಂ ಬರೆಯುವ ಕೆಲಸ ಆಗ ನನ್ನ ಮೇಜಿಗೆ ಬಂದಿತ್ತು. ಹಿಂದಿನ ವಾರ ನಾನು ಬರೆದದ್ದರ ಸಾರ ಇಷ್ಟು: ದಿನವೂ ತೆರೆದು ಬರೆಯುವ ಲೆಕ್ಕದ ಫೈಲನ್ನು ಕ್ಲೌಡ್ ಫೋಲ್ಡರಿನಲ್ಲಿ ಇಡಬೇಡಿ. ಆ ತುಂಡನ್ನು ಅವಳು ಕತ್ತರಿಸಿ ತಂದಿದ್ದಳು.

"ಇಡಬೇಡಿ ಅಂತ ಬರ್ದಿದ್ದೀರಿ ಮೇಡಂ. ಇಟ್ಟಾಗೈತೆ. ಈಗೇನ್ಮಾಡ್ಲಿ?"

ಅವಳನ್ನು ಇಲ್ಲಿ ಮಗಳು ಎಂದೇ ಕರೆಯುತ್ತೇನೆ. ನನಗಿಂತ ತೀರ ಚಿಕ್ಕವಳು. ಬಹುವಚನದಲ್ಲಿ ಮಾತಾಡಿಸಿದರೆ ಮುಜುಗರಪಡುತ್ತಿದ್ದಳು, ಆದರೂ ನನಗೆ ಅದೇ ರೂಢಿ. ಕೊಟ್ಟ ಮನೆ ಚನ್ನಪಟ್ಟಣದಲ್ಲಿ, ಬೊಂಬೆ ಕಡೆಯುವವರ ಮನೆ. ಅವಳ ಕೆಲಸ ಪ್ಯಾಕಿಂಗು ಮತ್ತು ಬಿಲ್ಲು. ತವರು ಸಾತನೂರಿನ ಪಕ್ಕದ ಹಳ್ಳಿ. ತಂದೆ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು. ಒಂದಿಷ್ಟು ಹಿಪ್ಪುನೇರಳೆ, ಕರೆಯುವ ಹಸು, ಪಿಂಚಣಿ. ತಾಯಿ ತೀರಿಕೊಂಡ ಮೇಲೆ ಮನೆಯ ಲೆಕ್ಕವನ್ನು ಮಗಳು ತನ್ನ ಕೈಗೆ ತೆಗೆದುಕೊಂಡಳು. ಡೈರಿಯ ಹಾಲಿನ ಬಟವಾಡೆ, ರೇಷ್ಮೆಗೂಡು ಮಾರಿದ ಹಣ, ವಿಮೆಯ ಕಂತು, ಬ್ಯಾಂಕಿನಲ್ಲಿ ಅಡವಿಟ್ಟ ಅಮ್ಮನ ಸರದ ಬಡ್ಡಿ, ಎಲ್ಲವನ್ನೂ ಮನೆಲೆಕ್ಕದ ಒಂದು ತಂತ್ರಾಂಶದಲ್ಲಿ ಬರೆದಳು. ಎಲ್ಲಾ ವರ್ಷಗಳದ್ದೂ ಸೇರಿ ಅದು ಒಂದೇ ಫೈಲು.

ಮದುವೆಯಾಗಿ ಹೊರಡುವಾಗ ಹಳೆಯ ಲ್ಯಾಪ್‌ಟಾಪನ್ನು ತಂದೆಗೆ ಬಿಟ್ಟು, ಫೈಲನ್ನು ಕ್ಲೌಡ್ ಫೋಲ್ಡರಿಗೆ ಹಾಕಿದಳು. ಒಂದು ಕಡೆ ಬರೆದದ್ದು ಇನ್ನೊಂದು ಕಡೆಯೂ ತಾನಾಗಿ ಬಂದು ಕೂರುತ್ತದೆ ಎಂಬ ಲೆಕ್ಕಾಚಾರ. ಅದು ಹಾಗೇ ನಡೆಯಿತು ಕೂಡ. ಪ್ರತಿ ಸಂಜೆ ತಂದೆ ಫೋನ್ ಮಾಡಿ ಅಂದಿನ ಖರ್ಚು ಹೇಳುವರು, ಮಗಳು ಚನ್ನಪಟ್ಟಣದಲ್ಲಿ ಕೂತು ಬರೆದುಕೊಳ್ಳುವಳು. ಹಳ್ಳಿಯ ಲ್ಯಾಪ್‌ಟಾಪನ್ನು ಯಾರೂ ಮುಟ್ಟುತ್ತಿರಲಿಲ್ಲ. ಬರೆಯುವ ಕೈ ಒಂದೇ ಇದ್ದುದರಿಂದ ಯಾವ ತೊಂದರೆಯೂ ಕಾಣಿಸಿಕೊಳ್ಳಲಿಲ್ಲ.

"ಲೆಕ್ಕಕ್ಕೇ ಅಂತ ಫೋನ್ ಮಾಡೋರಾ?" ಎಂದು ಕೇಳಿದೆ.

"ಲೆಕ್ಕಕ್ಕೇ ಮೇಡಂ. ನಮ್ಮಪ್ಪ ಚೆನ್ನಾಗಿದ್ದೀಯಾ ಅಂತ ಕೇಳೋಕೆ ಫೋನ್ ಮಾಡೋ ಆಸಾಮಿ ಅಲ್ಲ. ಹಿಂಡಿ ತಂದೆ ಅಂದ್ರೆ ಹಸ ಹಾಲು ಕೊಡ್ತೈತೆ ಅಂತ ಅರ್ಥ. ಮುಲಾಮು ಅಂದ್ರೆ ಮಂಡಿ ನೋವು ಎದ್ದೈತೆ ಅಂತ. ನಾನೇನೂ ಕೇಳ್ದೆ ಇದ್ರೂ ಗೊತ್ತಾಗೋದು."

ಆ ವರ್ಷ ಅವಳ ತಮ್ಮನಿಗೆ ಮದುವೆಯಾಯಿತು. ತಮ್ಮ ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು. ಬಂದ ಸೊಸೆ ಬಿ.ಕಾಂ. ಓದಿದವಳು. ಲೆಕ್ಕ ಬರೆಯುವುದು ಸಹಜವಾಗಿಯೇ ಅವಳ ಕಡೆಗೆ ಹೊರಳಿತು. ಕಂಪ್ಯೂಟರ್ ಮನೆಯಲ್ಲಿದೆ, ಬರೆಯಬಲ್ಲವಳು ಮನೆಯಲ್ಲಿದ್ದಾಳೆ. ಸಂಜೆಯ ಫೋನು ಎರಡು ದಿನಕ್ಕೊಮ್ಮೆಯಾಯಿತು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಏನಾದರೂ ವಿಷಯವಿದ್ದರೆ ಮಾತ್ರ.

ನಿಮಗೆ ಲೆಕ್ಕ ಸರಿಯಾಗಬೇಕೋ, ಬರೆಯುವ ಕೆಲಸ ನಿಮ್ಮಲ್ಲೇ ಉಳಿಯಬೇಕೋ ಎಂದು ಕೇಳಿದೆ. ಅವಳು ಪೆಟ್ಟಿಗೆಯ ರಟ್ಟನ್ನು ಉಗುರಿನಿಂದ ಕೆರೆದಳು.

"ಎರಡೂ," ಎಂದಳು.

ಎರಡೂ ಎಂದವರನ್ನು ನಮ್ಮ ವೃತ್ತಿಯಲ್ಲಿ ಮತ್ತೊಮ್ಮೆ ಕೇಳಬೇಕು. ನಾನು ಕೇಳಲಿಲ್ಲ.

*

ಫೈಲು ಕೆಟ್ಟದ್ದು ಯಾವ ದಿನ ಎಂಬುದನ್ನು ಹಿಡಿಯಲು ಕಷ್ಟವಾಗಲಿಲ್ಲ. ವಿಜಯದಶಮಿ.

ಆ ಮನೆಯಲ್ಲಿ ಒಂದು ಪದ್ಧತಿ ಇದೆ. ಆಯುಧ ಪೂಜೆಯ ದಿನ ಲೆಕ್ಕದ ಪುಸ್ತಕವನ್ನು ಮುಚ್ಚಿ, ಕುಂಕುಮ ಇಟ್ಟು ದೇವರ ಮುಂದೆ ಇಡುತ್ತಾರೆ. ಮರುದಿನ ಒಳ್ಳೆಯ ಗಳಿಗೆ ನೋಡಿ ಮನೆಯ ಹೆಣ್ಣುಮಗಳು ಅದನ್ನು ತೆರೆದು ಮೊದಲ ಸಾಲಿಗೆ 'ಅರಿಶಿನ ಕುಂಕುಮ' ಎಂದು ಬರೆಯುತ್ತಾಳೆ. ಮಿಕ್ಕ ಖರ್ಚು ಅದರ ಕೆಳಗೆ. ಪುಸ್ತಕ ಹೋಗಿ ಲ್ಯಾಪ್‌ಟಾಪ್ ಬಂದರೂ ಪದ್ಧತಿ ನಿಂತಿರಲಿಲ್ಲ. ತಾಯಿ ಬರೆಯುತ್ತಿದ್ದರು, ಆಮೇಲೆ ಮಗಳು ಬರೆದಳು, ಮದುವೆಯಾದ ಮೇಲೂ ಚನ್ನಪಟ್ಟಣದಿಂದಲೇ ಬರೆದಳು.

ಈ ಸಲ ಮನೆಗೆ ಸೊಸೆ ಬಂದಿದ್ದಾಳೆ. ಮೊದಲ ಸಾಲು ಯಾರು ಬರೆಯಬೇಕು? ತಂದೆಯನ್ನು ಮಗಳು ಫೋನಿನಲ್ಲಿ ಕೇಳಿದಳು. ಅವರು "ನೀನೇ ಬರಿ ಮಗ, ಬೆಳಗ್ಗೆ ಗಳಿಗೆ ಚೆನ್ನಾಗೈತೆ" ಎಂದು ಪಂಚಾಂಗ ನೋಡಿ ಹೊತ್ತು ಹೇಳಿದರು. ಆಮೇಲೆ ಸೊಸೆಯೂ ಅಡುಗೆಮನೆಯಿಂದ ಅದೇ ಪ್ರಶ್ನೆ ಕೇಳಿದಳು. ಅವಳಿಗೂ "ನೀನೇ ಬರಿಯವ್ವ" ಎಂದು ಅದೇ ಹೊತ್ತು ಹೇಳಿದರು. ಇಬ್ಬರಿಗೂ ಬೇಡ ಎನ್ನಲು ಬಾಯಿ ಬರಲಿಲ್ಲ ಎಂದು ಅವರೇ ಆಮೇಲೆ ನನಗೆ ಹೇಳಿದರು.

ಹೀಗೆ ಒಂದೇ ಫೈಲನ್ನು, ಒಂದೇ ಗಳಿಗೆಯಲ್ಲಿ, ಎರಡು ಊರಿನಲ್ಲಿ, ಇಬ್ಬರು ಮಡಿಯುಟ್ಟು ತೆರೆದರು. ಇಬ್ಬರೂ ಅರಿಶಿನ ಕುಂಕುಮ ಎಂದು ಬರೆದರು.

ಫೈಲನ್ನು ಎರಡು ಕಡೆ ಇಡುವ ಈ ವ್ಯವಸ್ಥೆಯನ್ನು ಸಿಂಕ್ ಎನ್ನುತ್ತಾರೆ. ಫೈಲಿನೊಳಗೆ ಏನಿದೆ ಎಂಬುದು ಅದಕ್ಕೆ ತಿಳಿಯದು. ಹೊಸ ಫೈಲು ಬಂದರೆ ಹಳೆಯದನ್ನು ತೆಗೆದು ಅದನ್ನು ಇಡುತ್ತದೆ, ಅಷ್ಟೆ. ಒಂದೇ ಹೊತ್ತಿಗೆ ಎರಡು ಹೊಸದು ಬಂದರೆ ಮೊದಲು ಬಂದದ್ದಕ್ಕೆ ಹೆಸರು ಉಳಿಸಿ, ತಡವಾಗಿ ಬಂದದ್ದಕ್ಕೆ ಕಂಪ್ಯೂಟರಿನ ಹೆಸರನ್ನೂ ತಾರೀಖನ್ನೂ ಅಂಟಿಸಿ ಪಕ್ಕದಲ್ಲಿಡುತ್ತದೆ. ಹಳ್ಳಿಯ ನೆಟ್‌ವರ್ಕ್ ನಿಧಾನ. ತಡವಾಗಿ ಬಂದದ್ದು ಸೊಸೆಯ ಫೈಲು. ಫೋಲ್ಡರಿನಲ್ಲಿ ಉದ್ದನೆಯ, ಅರ್ಥವಾಗದ ಹೆಸರಿನ ಫೈಲೊಂದು ಕಂಡಾಗ ಅದು ಬೇಡದ್ದು ಎಂದುಕೊಂಡ ಸೊಸೆ ಅಳಿಸಿದಳು. ತಾನು ಬರೆದದ್ದನ್ನು ತಾನೇ ಅಳಿಸಿದಳು. ಅಲ್ಲಿ ಅಳಿಸಿದ್ದು ಚನ್ನಪಟ್ಟಣದಲ್ಲೂ ಅಳಿಸಿಹೋಯಿತು. ಎರಡು ಕಡೆ ಇದೆ, ಒಂದು ಹೋದರೆ ಇನ್ನೊಂದು ಇರುತ್ತದೆ ಎಂದು ಜನ ನಂಬುವುದು ಇಲ್ಲಿಯೇ ಸುಳ್ಳಾಗುವುದು.

ಅದು ಒಂದೇ ದಿನಕ್ಕೆ ನಿಲ್ಲಲಿಲ್ಲ. ಸೊಸೆ ಬರೆದದ್ದು ಕೆಲವು ದಿನ ಉಳಿಯುತ್ತಿತ್ತು, ಕೆಲವು ದಿನ ಇಲ್ಲವಾಗುತ್ತಿತ್ತು. ಸರದ ಬಡ್ಡಿ ಕಟ್ಟಿದ್ದನ್ನು ಅವಳು ಬರೆದಿದ್ದಳು. ಚನ್ನಪಟ್ಟಣದಲ್ಲಿ ಅದು ಕಾಣಲಿಲ್ಲ. ಮಗಳು ಗಾಬರಿಯಾಗಿ ತಂದೆಗೆ ಫೋನ್ ಮಾಡಿ ಬಡ್ಡಿ ಕಟ್ಟಿಲ್ಲ ಎಂದಳು. ತಂದೆ ಸೊಸೆಯನ್ನು ಕೇಳಿದರು. ಸೊಸೆ ಕಟ್ಟಿದ್ದೇನೆ ಎಂದಳು, ತೋರಿಸಲು ಲ್ಯಾಪ್‌ಟಾಪ್ ತೆರೆದಳು, ಅಲ್ಲೂ ಇರಲಿಲ್ಲ.

"ಅಳಿಸ್ತಾವ್ಳೆ ಮೇಡಂ," ಎಂದು ಮಗಳು ನನ್ನೆದುರು ಹೇಳಿದಳು. ಅದೇ ದಿನ ಮಧ್ಯಾಹ್ನ ಸೊಸೆಗೆ ಫೋನ್ ಮಾಡಿದಾಗ ಅವಳು ಹೇಳಿದ್ದು, "ಅತ್ತಿಗೆ ಅಲ್ಲಿಂದ ಅಳಿಸ್ತಾರೆ ಅನ್ಸುತ್ತೆ. ನಾನು ಬರ್ದಿದ್ದೆ. ಬೆಳಗ್ಗೆ ನೋಡಿದ್ರೆ ಇಲ್ಲ. ನಾನು ಕಟ್ಟೇ ಇಲ್ವೇನೋ ಅಂತ ನಂಗೇ ಅನುಮಾನ ಬಂದ್ಬುಡ್ತು."

ಎರಡು ಹೇಳಿಕೆಗಳನ್ನೂ ಬರೆದಿಟ್ಟುಕೊಂಡೆ. ಇಬ್ಬರೂ ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಅನಿಸಲಿಲ್ಲ.

*

ಕೆಟ್ಟ ಫೈಲಿನ ಜೊತೆ ಮೊದಲು ಮಾಡಬೇಕಾದ ಕೆಲಸ ಅದನ್ನು ತೆರೆಯದೆ ಇರುವುದು. ಮಗಳ ಲ್ಯಾಪ್‌ಟಾಪಿನಲ್ಲಿ ಸಿಂಕ್ ನಿಲ್ಲಿಸಿದೆ. ಇಂಟರ್‌ನೆಟ್ಟನ್ನೂ ಕಡಿದೆ. ಫೋಲ್ಡರನ್ನು ಇದ್ದಂತೆಯೇ ಬೇರೊಂದು ಡಿಸ್ಕಿಗೆ ನಕಲು ಮಾಡಿದೆ. ಆಮೇಲೆ ಆ ನಕಲಿನ ನಕಲನ್ನು, ಸಿಂಕ್ ಇಲ್ಲದ ನನ್ನ ಕಂಪ್ಯೂಟರಿನಲ್ಲಿ ತೆರೆದೆ. ಮೂಲ ಎಲ್ಲಿತ್ತೋ ಅಲ್ಲಿಯೇ ಇತ್ತು.

ದಾಖಲೆಗಳ ಜೊತೆಗೆ, ಫೈಲು ಯಾವ ಹೊತ್ತಿಗೆ ಯಾವ ಕಂಪ್ಯೂಟರಿನಿಂದ ಬದಲಾಯಿತು ಎಂಬುದೂ ಸಿಂಕ್‌ನ ದಿನಚರಿಯಲ್ಲಿ ಸಿಗುತ್ತದೆ. ಅದನ್ನು ಸಾಲಾಗಿ ಬರೆದುಕೊಂಡಾಗ ವಿಚಿತ್ರವೊಂದು ಕಂಡಿತು. ದಸರಾ ಆದ ಮೇಲೆ ಚನ್ನಪಟ್ಟಣದ ಕಡೆಯಿಂದ ಹೊಸ ದಾಖಲೆ ಒಂದೂ ಇರಲಿಲ್ಲ. ಆದರೂ ಪ್ರತಿ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಫೈಲು ಅಲ್ಲಿಂದ ಬದಲಾಗಿತ್ತು.

"ಸಂಜೆ ಹೊತ್ತು ನೀವು ಇದನ್ನ ತೆಗೀತೀರಾ?"

"ಬರಿಯಲ್ಲ ಮೇಡಂ. ಸುಮ್ನೆ ತೆಗ್ದು ನೋಡ್ತೀನಿ. ಇವತ್ತು ಏನ್ ತಂದವ್ರೆ, ಏನ್ ಮಾಡವ್ರೆ ಅಂತ. ಅಪ್ಪ ಫೋನ್ ಮಾಡ್ತಿದ್ದ ಹೊತ್ತು ಅದು. ಒಸಿ ಹೊತ್ತು ನೋಡಿ ಮುಚ್ತೀನಿ."

ಈ ಬಗೆಯ ತಂತ್ರಾಂಶ, ತೆರೆದ ಕೂಡಲೇ ಫೈಲಿನ ಮೇಲೆ ತಾನೂ ಏನಾದರೂ ಬರೆಯುತ್ತದೆ. ಯಾರು ತೆರೆದರು, ಯಾವ ಪುಟ ನೋಡಿದರು, ಹಿಂದಿನ ಬಾಕಿ ಎಷ್ಟು ಎಂಬುದನ್ನೆಲ್ಲ ಹೊಸದಾಗಿ ಕೂಡಿ ಇಡುತ್ತದೆ. ಸಿಂಕ್‌ನ ಕಣ್ಣಿಗೆ ಅದೂ ಬದಲಾವಣೆಯೇ. ಹಳ್ಳಿಯಲ್ಲಿ ಸೊಸೆ ದಿನದ ಖರ್ಚು ಬರೆಯುತ್ತಿದ್ದುದೂ ದೀಪ ಹಚ್ಚುವ ಹೊತ್ತಿಗೇ. ಅವಳು ಬರೆದ ಫೈಲು ನಿಧಾನದ ನೆಟ್‌ವರ್ಕಿನಲ್ಲಿ ಹೊರಡುವಷ್ಟರಲ್ಲಿ, ಚನ್ನಪಟ್ಟಣದಲ್ಲಿ ಸುಮ್ಮನೆ ತೆರೆದು ಮುಚ್ಚಿದ ಹಳೆಯ ಫೈಲು ಹೊಸದೆಂಬ ಮೊಹರು ಹೊತ್ತು ಅಲ್ಲಿಗೆ ತಲುಪಿಬಿಡುತ್ತಿತ್ತು. ಸೊಸೆ ಬರೆದದ್ದು ಮತ್ತೆ ಉದ್ದ ಹೆಸರಿನ ಫೈಲಾಗಿ ಪಕ್ಕಕ್ಕೆ ಸರಿಯುತ್ತಿತ್ತು. ಅವಳು ಮತ್ತೆ ಅದನ್ನು ಅಳಿಸುತ್ತಿದ್ದಳು.

ಇದನ್ನು ಮಗಳಿಗೆ ಹೇಳಬೇಕಾಯಿತು. ಆದಷ್ಟು ಸರಳವಾಗಿ ಹೇಳಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, "ನೋಡಿದ್ದಕ್ಕೇ ಹಾಳಾಯ್ತಾ ಮೇಡಂ?" ಎಂದಳು.

"ಇಬ್ರೂ ಒಟ್ಟಿಗೆ ತೆಗೆದಿದ್ದಕ್ಕೆ," ಎಂದೆ.

"ನಾನು ನೋಡ್ದೆ ಇದ್ದಿದ್ರೆ ಅವಳು ಬರ್ದಿದ್ದು ಇರೋದು."

ಅದು ಪ್ರಶ್ನೆಯಾಗಿರಲಿಲ್ಲ. ಹೌದು ಎಂದೆ.

*

ಹಳ್ಳಿಯ ಲ್ಯಾಪ್‌ಟಾಪಿನಲ್ಲೂ ಸಿಂಕ್ ನಿಲ್ಲಿಸಿ ಎಂದು ಸೊಸೆಗೆ ಫೋನಿನಲ್ಲೇ ಹೇಳಿಕೊಟ್ಟಿದ್ದೆ. ಅವಳು ತಪ್ಪಿಲ್ಲದೆ ಮಾಡಿದಳು. ಮರುದಿನ ಕರೆಂಟು ಹೋಯಿತು. ಆ ಹಳೆಯ ಲ್ಯಾಪ್‌ಟಾಪಿಗೆ ಬ್ಯಾಟರಿ ಸತ್ತು ಬಹಳ ಕಾಲವಾಗಿತ್ತು, ಆರಿಹೋಯಿತು. ಕರೆಂಟು ಬಂದು ಮತ್ತೆ ಹಚ್ಚಿದಾಗ ಸಿಂಕ್ ತಂತ್ರಾಂಶ ತಾನಾಗಿಯೇ ಎದ್ದು ಕೆಲಸ ಶುರು ಮಾಡಿತು. ಅದು ಹಾಗೆ ಏಳುತ್ತದೆ ಎಂದು ನಾನು ಹೇಳಿರಲಿಲ್ಲ, ನನಗೆ ಹೊಳೆದಿರಲಿಲ್ಲ. ಅಷ್ಟರಲ್ಲಿ ಸೊಸೆ ಲೆಕ್ಕ ತೆರೆದಿದ್ದಳು. ತಂತ್ರಾಂಶ ಬರೆಯುತ್ತಿರುವಾಗಲೇ ಸಿಂಕ್ ಅರ್ಧ ಬರೆದ ಫೈಲನ್ನು ಎತ್ತಿಕೊಂಡು ಹೋಯಿತು. ಮುಂದಿನ ಸಲ ತೆರೆದಾಗ ಪರದೆಯ ಮೇಲೆ ಬಂದದ್ದು, ಫೈಲು ಹಾಳಾಗಿದೆ, ತೆರೆಯಲಾಗದು ಎಂಬ ಸೂಚನೆ.

ಫೋನಿನಲ್ಲಿ ಸೊಸೆಯ ದನಿ ತೀರ ಸಣ್ಣದಾಗಿತ್ತು. "ನಾನೇನೂ ಮಾಡ್ಲಿಲ್ಲ ಮೇಡಂ. ಅತ್ತಿಗೆಗೆ ಹೇಳ್ಬೇಡಿ."

ಉಳಿದ ದಾರಿ ಒಂದೇ. ಕ್ಲೌಡ್ ಕಂಪನಿಯವರು ಹಳೆಯ ಆವೃತ್ತಿಗಳನ್ನೂ ಅಳಿಸಿದ ಫೈಲುಗಳನ್ನೂ ಕೆಲವು ವಾರ ತಮ್ಮಲ್ಲಿ ಇಟ್ಟುಕೊಂಡಿರುತ್ತಾರೆ, ಆಮೇಲೆ ಎಸೆಯುತ್ತಾರೆ. ದಸರಾದ ಫೈಲುಗಳಿಗೆ ಆ ಗಡುವು ಹತ್ತಿರ ಬಂದಿತ್ತು. ಖಾತೆಗೆ ಒಳಗೆ ಹೋಗಲು ಮಗಳಿಗೆ ಪಾಸ್‌ವರ್ಡ್ ಮರೆತಿತ್ತು. ಹೊಸದು ಮಾಡಿಕೊಳ್ಳಬೇಕೆಂದರೆ ಒಟಿಪಿ ಬೇಕು. ಅದು ಬರುವುದು ಅವಳ ಮದುವೆಗೆ ಮುಂಚಿನ ನಂಬರಿಗೆ. ಆ ಸಿಮ್ಮು ಈಗ ತಂದೆಯ ಫೋನಿನಲ್ಲಿದೆ.

ಅವಳು ನನ್ನ ಮೇಜಿನ ಪಕ್ಕದಲ್ಲೇ ಕೂತು ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದರಿಂದ ನಾನೂ ಕೇಳಿದೆ.

"ಅಪ್ಪ, ಈಗ ಒಂದು ಮೆಸೇಜ್ ಬಂತಲ್ಲ, ಅದ್ರಲ್ಲಿರೋ ನಂಬರ್ ಹೇಳು."

"ಒಟಿಪಿನಾ?"

"ಹೂಂ."

"ಒಟಿಪಿ ಯಾರ್ಗೂ ಹೇಳ್ಬಾರ್ದು."

"ನಾನು ಕಣಪ್ಪ."

"ಯಾರ್ಗೂ ಅಂದ್ರೆ ಯಾರ್ಗೂ ಅಂತ ನೀನೇ ಹೇಳ್ಕೊಟ್ಟಿದ್ದಲ್ವಾ. ಈಗ ಮಕ್ಳ ದನೀಲೇ ಮಾತಾಡಿ ದುಡ್ಡು ಹೊಡೀತಾರಂತೆ. ಪೇಪರ್ನಾಗೇ ಬಂದಿತ್ತು."

ಪೇಪರಿನಲ್ಲಿ ಅದನ್ನು ಹಾಕಿದ್ದು ನಾವೇ.

"ಸರಿ ಕಣಪ್ಪ, ಏನ್ ಬೇಕಾದ್ರೂ ಕೇಳು."

ಆ ಕಡೆ ಅವರು ಯೋಚಿಸಿದರು. ಹಿಂದೆಲ್ಲೋ ಕೋಳಿ ಕೂಗಿತು. "ನಿಮ್ಮವ್ವ ತವರಿಂದ ಹೊಡ್ಕಂಡು ಬಂದ ಹಸೀನ ಹೆಸ್ರೇನು?"

"ಗೌರಿ. ಬಲಗೊಂಬು ಮುರ್ದಿತ್ತು. ನಿಂಗೆ ಒಂದ್ಸಲ ಒದ್ದು, ನೀನು ಡ್ಯೂಟಿಗೆ ಕುಂಟ್ಕಂಡು ಹೋಗಿದ್ದೆ."

ಅವರು, "ಹೂಂ. ಬರ್ಕೋ," ಎಂದರು. ಹಿಂದೆಲ್ಲ ಸಂಜೆ ಲೆಕ್ಕ ಹೇಳುವಾಗ ಅವರು ಶುರು ಮಾಡುತ್ತಿದ್ದುದೂ ಅದೇ ಮಾತಿನಿಂದ ಎಂದು ಆಮೇಲೆ ತಿಳಿಯಿತು. ಮಗಳು ಅಂಕಿಗಳನ್ನು ಒಂದೊಂದಾಗಿ ಬರೆದುಕೊಂಡಳು. ಒಟಿಪಿಯ ಅವಧಿ ಅಷ್ಟರಲ್ಲಿ ಮುಗಿದಿತ್ತು. ಮತ್ತೊಂದು ತರಿಸಿಕೊಂಡು, ಮತ್ತೊಮ್ಮೆ ಫೋನ್ ಮಾಡಬೇಕಾಯಿತು. ಎರಡನೇ ಸಲ ಅವರು ಹಸುವಿನ ಹೆಸರು ಕೇಳಲಿಲ್ಲ. ಹಿಂಡಿಯ ಬೆಲೆ ಏರಿದ್ದನ್ನು ಹೇಳಿದರು.

*

ಖಾತೆ ತೆರೆದ ಮೇಲೆ ಕೆಲಸ ನಿಧಾನವಾದರೂ ಸ್ಪಷ್ಟವಾಗಿತ್ತು. ಕಸದ ಬುಟ್ಟಿಯಲ್ಲಿದ್ದ ಉದ್ದ ಹೆಸರಿನ ಫೈಲುಗಳನ್ನೆಲ್ಲ ಇಳಿಸಿಕೊಂಡೆ. ಹಳೆಯ ಆವೃತ್ತಿಗಳನ್ನೂ ಇಳಿಸಿಕೊಂಡೆ. ಪ್ರತಿಯೊಂದನ್ನೂ ಅದರ ತಾರೀಖಿನ ಹೆಸರಿನ ಬೇರೆ ಬೇರೆ ಫೋಲ್ಡರಿನಲ್ಲಿಟ್ಟೆ. ಇಂಥ ಫೈಲುಗಳನ್ನು ಬೆರೆಸುವ ಗುಂಡಿ ಎಲ್ಲೂ ಇಲ್ಲ. ಒಂದನ್ನು ಆಧಾರ ಎಂದು ಆರಿಸಿ, ಮಿಕ್ಕವುಗಳಲ್ಲಿ ಇರುವ, ಅದರಲ್ಲಿ ಇಲ್ಲದ ಸಾಲುಗಳನ್ನು ಕೈಯಲ್ಲಿ ಬರೆಯಬೇಕು. ಪತ್ರಿಕೆಯಲ್ಲಿ ಇಬ್ಬರು ವರದಿಗಾರರ ಸುದ್ದಿಯನ್ನು ಒಂದಾಗಿಸುವಾಗ ಮಾಡುವುದೂ ಇದನ್ನೇ. ಸಾಕ್ಷಿ ಇರುವುದು ಉಳಿಯುತ್ತದೆ.

ಇಲ್ಲಿ ಸಾಕ್ಷಿ ಎಂದರೆ ಬ್ಯಾಂಕಿನ ಪಾಸ್‌ಬುಕ್ಕು, ಡೈರಿಯ ಚೀಟಿ, ರಸೀದಿ. ಅವು ಇದ್ದದ್ದು ತಂದೆಯ ಮನೆಯಲ್ಲಿ. ಹಾಗಾಗಿ ಒಂದು ಭಾನುವಾರ ನಾನು ಕನಕಪುರದ ಮೇಲೆ ಸಾತನೂರಿಗೆ ಹೋದೆ, ಮಗಳು ಚನ್ನಪಟ್ಟಣದಿಂದ ನೇರ ಬಸ್ಸು ಹಿಡಿದು ಬಂದಳು. ಗೌರಿ ಹಬ್ಬ ಆದ ಮೇಲೆ ಅವಳು ತವರಿಗೆ ಬಂದದ್ದು ಅದೇ ಮೊದಲಂತೆ.

"ಬಸ್ಸು ಹೆಂಗಸ್ರಿಗೆ ಪುಕ್ಕಟೆ, ಆದ್ರೂ ಬರಕ್ಕಿಲ್ಲ ಇವ್ಳು," ಎಂದು ತಂದೆ ನನಗೆ ದೂರಿದರು.

"ಬಸ್ಸು ಪುಕ್ಕಟೆ ಕಣಪ್ಪ, ರಜ ಪುಕ್ಕಟೆ ಅಲ್ಲ. ಕ್ರಿಸ್‌ಮಸ್ ಆರ್ಡರ್ ಐತೆ," ಎಂದಳು ಮಗಳು.

ರೇಷ್ಮೆಹುಳು ಕೊನೆಯ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಬಿಡುವಿಲ್ಲದೆ ಸೊಪ್ಪು ತಿನ್ನುವ ಹಂತದಲ್ಲಿತ್ತು. ಸೊಸೆ ಹುಳುಮನೆಯಲ್ಲಿ ಸೊಪ್ಪು ಹಾಕಿ, ಕೈ ತೊಳೆದುಕೊಂಡು ಬಂದು ಬಾಗಿಲ ಪಕ್ಕದಲ್ಲಿ ನಿಂತಳು. ಮಗಳು ಒಂದು ಕಡೆ, ಸೊಸೆ ಒಂದು ಕಡೆ. ನಡುವೆ ಬೇಯಿಸಿದ ಕಡಲೆಕಾಯಿಯ ತಟ್ಟೆ. ಯಾರೂ ಮುಟ್ಟಲಿಲ್ಲ. ನಾನು ಒಂದು ಕಾಯಿ ಸುಲಿದೆ, ಸದ್ದಾಯಿತು ಅನಿಸಿ ನಿಲ್ಲಿಸಿದೆ.

ಮೊದಲು ಬಡ್ಡಿಯ ವಿಷಯ. ಪಾಸ್‌ಬುಕ್ಕಿನಲ್ಲಿ ಅದು ಇತ್ತು. ಕಸದ ಬುಟ್ಟಿಯಿಂದ ತೆಗೆದ ಫೈಲಿನಲ್ಲೂ ಅದೇ ದಿನ ಸೊಸೆ ಬರೆದ ಸಾಲು ಇತ್ತು. ಎರಡನ್ನೂ ಪಕ್ಕಪಕ್ಕದಲ್ಲಿ ತೋರಿಸಿದೆ.

ಮಗಳು ಪರದೆಯನ್ನು ನೋಡಿದಳು, ಪಾಸ್‌ಬುಕ್ಕನ್ನು ನೋಡಿದಳು. ಸೊಸೆಯ ಕಡೆ ತಿರುಗಿ, "ಅಲ್ಲಿ ಯಾಕ್ ನಿಂತಿದ್ದೀಯ, ಕೂತ್ಕೊ ಬಾರಮ್ಮಿ," ಎಂದಳು. ಸೊಸೆ ಬಂದು ಕೂತಳು. ಕ್ಷಮಾಪಣೆ ಎಂದು ಅಲ್ಲಿ ನಡೆದದ್ದು ಅಷ್ಟೇ.

ಆಮೇಲೆ ಸಾಲು ಸಾಲಾಗಿ ಹೊರಟೆವು. ತಂದೆ ಚೀಟಿ ಓದುವರು, ಸೊಸೆ ಅದು ಯಾವುದೆಂದು ಹೇಳುವಳು, ಮಗಳು ಬೆರಳಚ್ಚು ಮಾಡುವಳು, ನಾನು ಬಾಕಿಯನ್ನು ಪಾಸ್‌ಬುಕ್ಕಿಗೆ ತಾಳೆ ನೋಡುವೆ.

"ಇದೇನಮ್ಮಿ, ಕಲ್ಲು ಅಂತ ಬರ್ದಿದ್ದೀಯ?" ಎಂದು ಮಗಳು ಒಂದು ಕಡೆ ನಿಂತಳು.

"ಒಳಕಲ್ಲು ಅತ್ತಿಗೆ. ಕಲ್ಕುಟಿಗ್ರನ್ನ ಕರ್ಸಿ ಹಲ್ಲು ಹಾಕಿಸ್ದೆ. ಸವ್ದು ಹೋಗಿತ್ತು."

"ಅಮ್ಮನ ಒಳಕಲ್ಲಾ? ಎತ್ತಿ ಅಟ್ಟದ ಕೆಳಗೆ ಹಾಕಿದ್ವಲ್ಲ."

"ತಗ್ದು ತೊಳ್ದೆ. ಚಟ್ನಿ ರುಬ್ತೀನಿ ಅದ್ರಲ್ಲೇ. ಮಾವಂಗೆ ಮಿಕ್ಸಿ ಚಟ್ನಿ ಸೇರಲ್ಲ."

ಮಗಳು ಅದನ್ನು ಬರೆದಳು. ವಿವರದ ಜಾಗದಲ್ಲಿ 'ಅಮ್ಮನ ಒಳಕಲ್ಲು' ಎಂದು ತಿದ್ದಿದಳು.

ಮಧ್ಯಾಹ್ನದ ಹೊತ್ತಿಗೆ ಬಾಕಿ ತಾಳೆಯಾಗುವ ಹತ್ತಿರ ಬಂತು. ಸ್ವಲ್ಪ ವ್ಯತ್ಯಾಸ ಉಳಿಯಿತು. ಹುಡುಕಿದಾಗ ಸಿಕ್ಕಿದ್ದು ವಿಜಯದಶಮಿಯ ಎರಡು ಸಾಲು. ಅರಿಶಿನ ಕುಂಕುಮ, ಸೊಸೆ ಬರೆದದ್ದು. ಅರಿಶಿನ ಕುಂಕುಮ, ಮಗಳು ಬರೆದದ್ದು. ಮೊತ್ತವೂ ಒಂದೇ, ಹಿಂದಿನ ವರ್ಷದ್ದನ್ನೇ ಇಬ್ಬರೂ ನೋಡಿ ಬರೆದಿದ್ದರು. ಅಂಗಡಿಯಿಂದ ತಂದಿದ್ದು ಒಂದೇ ಪೊಟ್ಟಣ.

ಒಂದನ್ನು ತೆಗೆಯಬೇಕು ಎಂದೆ. ಯಾವುದನ್ನು ಎಂದು ನಾನು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಪೊಟ್ಟಣ ಬಂದದ್ದು ಈ ಮನೆಗೆ. ಮಗಳು ತನ್ನ ಸಾಲಿನ ಮೇಲೆ ಗುರುತು ತಂದು ನಿಲ್ಲಿಸಿದಳು. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು.

"ಇರು ಮಗ," ಎಂದರು ತಂದೆ.

ಅವರು ಎದ್ದು, ಗೂಟಕ್ಕೆ ನೇತುಹಾಕಿದ್ದ ಅಂಗಿಯ ಜೇಬಿನಿಂದ ದುಡ್ಡು ತೆಗೆದರು. ಕಂಡಕ್ಟರರ ಅಭ್ಯಾಸ ಹೋಗಿರಲಿಲ್ಲ. ನೋಟನ್ನು ಉದ್ದಕ್ಕೆ ಮಡಿಸಿ, ಚಿಲ್ಲರೆಯನ್ನು ಅದರ ಮೇಲಿಟ್ಟು, ಆ ಸಾಲಿನಲ್ಲಿ ಎಷ್ಟಿತ್ತೋ ಅಷ್ಟನ್ನೇ ಮಗಳ ಕೈಗೆ ಕೊಟ್ಟರು.

"ಹೋಗೋವಾಗ ಸಾತನೂರ್ನಾಗೆ ಅರಿಶಿನ ಕುಂಕುಮ ತಗಂಡೋಗು. ದಸರಾದಲ್ಲೇ ಕೊಡ್ಬೇಕಾಗಿತ್ತು, ಈಗ ಕೊಟ್ಟಿವ್ನಿ. ಖರ್ಚು ನಿಜ ಆಯ್ತಲ್ಲ ಮೇಡಮ್ಮೋರೆ? ಈಗ ನೋಡಿ, ಸರಿ ಬತ್ತದೆ."

ನೋಡಿದೆ. ಕೈಯಲ್ಲಿನ ನಗದು ಅಷ್ಟು ಕಡಿಮೆಯಾಗಿತ್ತು, ಲೆಕ್ಕ ಸರಿಬಂತು. ತಾರೀಖನ್ನು ಅಂದಿನ ದಿನಕ್ಕೆ ಬದಲಿಸಬೇಕು ಎಂದಷ್ಟೇ ಹೇಳಿದೆ. ಮಗಳು ಬದಲಿಸಿದಳು. ತವರಿನವರು ಮಗಳಿಗೆ ಅರಿಶಿನ ಕುಂಕುಮಕ್ಕೆ ದುಡ್ಡು ಕೊಡುವುದು ಈ ಕಡೆಯ ಎಲ್ಲಾ ಮನೆಗಳಲ್ಲೂ ಇರುವುದೇ. ಅವಳು ಅದನ್ನು ಪರ್ಸಿಗೆ ಹಾಕದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

*

ಮುಖ್ಯವಾದ ಮಾತು ಇನ್ನೂ ಉಳಿದಿತ್ತು. ಇನ್ನು ಮುಂದೆ ಯಾರು ಬರೆಯುವುದು? ಫೈಲನ್ನು ಸಿಂಕ್ ಫೋಲ್ಡರಿನಿಂದ ಹೊರಗೆ ತೆಗೆದು ಒಂದೇ ಲ್ಯಾಪ್‌ಟಾಪಿನಲ್ಲಿ ಇಡಬೇಕು, ಇನ್ನೊಂದರಿಂದ ಅದನ್ನು ತೆರೆಯಲೇಬಾರದು, ನೋಡುವುದಕ್ಕೂ ಕೂಡ. ನಾನು ಹೇಳಿದ್ದು ಇಷ್ಟು. ಅದರ ಅರ್ಥ ಅಲ್ಲಿದ್ದ ಎಲ್ಲರಿಗೂ ಆಯಿತು.

ತಂದೆ ನನ್ನ ಕಡೆಗಾಗಲೀ ಮಗಳ ಕಡೆಗಾಗಲೀ ನೋಡಲಿಲ್ಲ. "ಒಂದು ಬಸ್ಸಿಗೆ ಇಬ್ರು ಕಂಡಕ್ಟ್ರನ್ನ ಹಾಕಿದ್ದು ನಾನೇ," ಎಂದು, ಅಷ್ಟರಲ್ಲಿ ಖಾಲಿಯಾಗಿದ್ದ ತಟ್ಟೆಯ ಕಡಲೆಕಾಯಿ ಸಿಪ್ಪೆಗಳನ್ನು ಒಟ್ಟು ಮಾಡತೊಡಗಿದರು. ಅವರಿಂದ ತೀರ್ಮಾನ ಬರುವುದಿಲ್ಲ ಎಂದು ಗೊತ್ತಾಯಿತು.

"ಅವಳೇ ಬರೀಲಿ," ಎಂದಳು ಮಗಳು. "ಮನೇಲಿರೋಳು ಅವಳು. ಕಲ್ಲು ತಗ್ದು ತೊಳ್ದೋಳು ಅವಳು."

ಲ್ಯಾಪ್‌ಟಾಪನ್ನು ಅವಳೇ ಸೊಸೆಯ ಕಡೆಗೆ ತಿರುಗಿಸಿದಳು. ನಾನು ಫೈಲನ್ನು ಹೊರಗೆ ತೆಗೆದೆ, ಸಿಂಕ್ ತಂತ್ರಾಂಶವನ್ನು ಪೂರ್ತಿಯಾಗಿ ಕಿತ್ತುಹಾಕಿದೆ, ಕರೆಂಟು ಹೋಗಿ ಬಂದರೂ ಏಳದಂತೆ. ಕ್ಲೌಡಿನಲ್ಲಿದ್ದ ಹಳೆಯ ಫೋಲ್ಡರನ್ನು ಮಗಳು ತನ್ನ ಕೈಯಾರೆ ಮುಚ್ಚಿದಳು.

ಕೊನೆಯದಾಗಿ ಬ್ಯಾಕಪ್ಪಿನ ನಿಯಮ ಹೇಳಿದೆ. ವಾರಕ್ಕೊಮ್ಮೆ ತಂತ್ರಾಂಶವನ್ನು ಮುಚ್ಚಿ, ಮುಚ್ಚಿದ ಫೈಲನ್ನು ತಾರೀಖು ಹಾಕಿ ಪೆನ್‌ಡ್ರೈವಿಗೆ ನಕಲು ಮಾಡಬೇಕು. ಆ ನಕಲು ಇದೇ ಮನೆಯಲ್ಲಿದ್ದರೆ ಪ್ರಯೋಜನವಿಲ್ಲ, ಕಳ್ಳತನವಾದರೆ ಎರಡೂ ಹೋಗುತ್ತವೆ. ಬೇರೆ ಊರಿನಲ್ಲಿ, ನಂಬಿಕೆಯವರ ಮನೆಯಲ್ಲಿ ಇರಬೇಕು. ನಕಲನ್ನು ತೆರೆದು ನೋಡಬಹುದು. ಅದರಲ್ಲಿ ಏನು ಬರೆದರೂ ಇಲ್ಲಿಗೆ ಬರುವುದಿಲ್ಲ.

ಸೊಸೆ ಪೆನ್‌ಡ್ರೈವನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದಳು.

"ಮಾವ ತಗೊಂಡೋಗಿ ಕೊಡ್ಲಿ," ಎಂದಳು. "ಚನ್ನಪಟ್ಟಣಕ್ಕೆ. ಅತ್ತಿಗೆ ಹತ್ರ ಇರ್ಲಿ. ಹೆಂಗೂ ಬಸ್ಸು ಕಂಡ್ರೆ ಜೀವ ಬುಡ್ತಾರೆ. ಮನೇಲಿದ್ರೆ ನನ್ ಹುಳುಮನೆಗೆ ಬಂದು ಹಂಗ್ ಸೊಪ್ ಹಾಕು ಹಿಂಗ್ ಸೊಪ್ ಹಾಕು ಅಂತ ತಲೆ ತಿಂತಾರೆ."

"ಟಿಕೀಟು ಯಾರ್ ಕೊಟ್ಟಾರು?" ಎಂದರು ಮಾವ.

"ಲೆಕ್ಕಕ್ಕೆ ಬರೀತೀನಿ," ಎಂದಳು ಸೊಸೆ.

*

ಆ ವಾರದ ಅರ್ಧ ಕಾಲಂನಲ್ಲಿ ನಾನು ಸಿಂಕ್ ಬೇರೆ, ಬ್ಯಾಕಪ್ ಬೇರೆ ಎಂದು ಬರೆದೆ. ಊರು, ಮನೆ ಏನನ್ನೂ ಹಾಕಲಿಲ್ಲ. ಹಳೆಯ ನಕಲುಗಳಲ್ಲಿ ಕೊನೆಯ ನಾಲ್ಕನ್ನು ಇಟ್ಟುಕೊಂಡು ಉಳಿದವನ್ನು ಅಳಿಸಬಹುದು ಎಂದೂ ಸೇರಿಸಿದೆ.

ಸಂಕ್ರಾಂತಿ ಕಳೆದ ಮೇಲೆ ಮಗಳು ಫೋನ್ ಮಾಡಿದಳು. ತಂದೆ ವಾರಕ್ಕೊಮ್ಮೆ ಬರುತ್ತಾರೆ, ಅಂಗಿಯ ಒಳಜೇಬಿನಲ್ಲಿ ಪೆನ್‌ಡ್ರೈವ್, ಕೈಚೀಲದಲ್ಲಿ ಸೊಪ್ಪೋ ಕಾಯೋ. ಕಡೆಯುವ ಯಂತ್ರಗಳ ಸದ್ದಿನಲ್ಲಿ ಒಂದು ಲೋಟ ಕಾಫಿ ಕುಡಿದು, ನಕಲು ಆಗುವವರೆಗೆ ಕೂತಿದ್ದು, ಮುಂದಿನ ಬಸ್ಸಿಗೆ ಹೊರಡುತ್ತಾರೆ. ಮಾತು ಹೆಚ್ಚಿಲ್ಲ. ಅವರು ಹೋದ ಮೇಲೆ ಅವಳು ನಕಲನ್ನು ತೆರೆಯುತ್ತಾಳೆ.

"ಅವರು ಬಂದೋದ ದಿನದವರ್ಗೂ ಗೊತ್ತು ಮೇಡಂ. ಆಮೇಲಿಂದು ಗೊತ್ತಾಗಕ್ಕಿಲ್ಲ. ಮೊನ್ನೆ ಕರು ಹಾಕಿರ್ಬೇಕು ಹಸ. ಹಾಕ್ತೋ ಇಲ್ವೋ, ಮುಂದಿನ ವಾರ ನೋಡ್ಬೇಕು."

ಫೋನ್ ಮಾಡಿ ಕೇಳಬಹುದಲ್ಲ ಎಂದೆ.

"ಕೇಳ್ಬಹುದು," ಎಂದಳು. ಕೇಳುವುದಿಲ್ಲ ಎಂದು ಅದರಲ್ಲೇ ತಿಳಿಯಿತು.

ಅವಳು ಫೋನ್ ಮಾಡಿದ್ದು ಬೇರೆ ವಿಷಯಕ್ಕೆ. ಕೊನೆಯ ನಾಲ್ಕು ನಕಲು ಸಾಕು, ಉಳಿದದ್ದು ಅಳಿಸಿ ಎಂದು ನಾನು ಬರೆದಿದ್ದನ್ನು ಓದಿದ್ದಳು. ಒಂದನ್ನೂ ಅಳಿಸಿರಲಿಲ್ಲ. ಅಳಿಸದಿದ್ದರೆ ಏನಾದರೂ ಕೆಡುತ್ತದೆಯೇ ಎಂದು ಕೇಳಿದಳು.

"ಒಂದೊಂದೂ ಅಪ್ಪ ಬಂದು ಹೋಗಿದ್ದಲ್ವಾ ಮೇಡಂ."

ಲ್ಯಾಪ್‌ಟಾಪಿನಲ್ಲಿ ಜಾಗ ಎಷ್ಟಿದೆ ಎಂದು ಕೇಳಿದೆ. ಬೇಕಾದಷ್ಟಿದೆ ಎಂದಳು.

"ಹಾಗಿದ್ರೆ ಇರ್ಲಿ ಬಿಡಿ," ಎಂದೆ.